ಗೇಮ್ ಹೊರಗೆ ಬಂತು. ಎಲ್ಲರಿಗೂ ಥ್ಯಾಂಕ್ಸ್, ಅತ್ತಿಗೆಗೆ ಸ್ವಲ್ಪ ಜಾಸ್ತಿ

ಕೊನೆಗೂ ಗೇಮ್ ಬಿಡುಗಡೆ ಆಯಿತು. ಡೌನ್‌ಲೋಡ್ ಮಾಡಿಕೊಂಡವರಿಗೆ, ನಾಲ್ಕು ಜನಕ್ಕೆ ಹೇಳಿದವರಿಗೆ, "ಇದನ್ನ ಫೋನಲ್ಲಿ ಆಡಕ್ಕಾಗಲ್ವಾ" ಅಂತ ಕೇಳಿದವರಿಗೂ (ಸದ್ಯಕ್ಕೆ ಆಗಲ್ಲ) ಥ್ಯಾಂಕ್ಸ್. ನಡುವೆ ಕೆಲಸ ಯಾಕೆ ನಿಂತುಹೋಗಿತ್ತು ಅಂತ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು, ಅದನ್ನು ಮತ್ತೆ ಹೇಳಲ್ಲ. ಆಗ ಮನೆಗೆ ಬಂದವರು, ಫೋನ್ ಮಾಡಿದವರು, ಏನು ಮಾತಾಡಬೇಕೋ ತಿಳಿಯದೆ ಸುಮ್ನೆ ಕೂತು ಕಾಫಿ ಕುಡಿದು ಹೋದವರು, ಎಲ್ಲರೂ ನೆನಪಿದ್ದಾರೆ.

ಗೊತ್ತಿಲ್ಲದವರಿಗೆ: ಇದು ಪಾಯಿಂಟ್ ಅಂಡ್ ಕ್ಲಿಕ್ ಅಡ್ವೆಂಚರ್ ಗೇಮ್. ಓಟ, ಗುಂಡು, ಏನೂ ಇಲ್ಲ. ಮಲೆನಾಡಿನ ಒಂದು ಹಳೇ ಮನೆ. ಮೌಸ್ ಹಿಡಿದು ಅಲ್ಲಿ ಇಲ್ಲಿ ಕ್ಲಿಕ್ ಮಾಡಿ ಸಾಮಾನು ಹುಡುಕಬೇಕು, ಮನೆಯವರ ಹತ್ತಿರ ಮಾತಾಡಬೇಕು, ಯಾವುದು ಎಲ್ಲಿಗೆ ಬೇಕಾಗುತ್ತೆ ಅಂತ ಯೋಚಿಸಬೇಕು. ಇಂಥ ಗೇಮ್ ಮಾಡುವವನ ಕಷ್ಟ ಏನು ಅಂದರೆ, ತನ್ನ ಪಜಲ್ ಕಷ್ಟವೋ ಸುಲಭವೋ ಅನ್ನುವುದು ಅವನಿಗೇ ಗೊತ್ತಾಗಲ್ಲ. ಉತ್ತರ ಇಟ್ಟವನು ಅವನೇ ಅಲ್ವಾ? ಹಾಗಾಗಿ ಬೇರೆಯವರು ಆಡುವುದನ್ನು ಪಕ್ಕದಲ್ಲಿ ಕೂತು ನೋಡಲೇಬೇಕು, ಅದೂ ಬಾಯಿ ಮುಚ್ಚಿಕೊಂಡು. ಅವರು ಬೀಗ ಹಾಕಿದ ಬಾಗಿಲನ್ನೇ ಮತ್ತೆ ಮತ್ತೆ ಒತ್ತುತ್ತಿದ್ದರೂ "ಅಲ್ಲಲ್ಲ, ಎಡಗಡೆ" ಅನ್ನಬಾರದು, ಯಾಕೆಂದರೆ ನಾಳೆ ಆಡುವವರ ಪಕ್ಕದಲ್ಲಿ ನಾನು ಕೂತಿರಲ್ಲ. ನಾಲಿಗೆ ಕಚ್ಚಿಕೊಂಡು ಕೂರುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು.

ಗೇಮ್ ಕಟ್ಟುವ ಸಾಫ್ಟ್‌ವೇರ್‌ಗೆ ಎಂಜಿನ್ ಅಂತಾರೆ. ಮೊದಲಿನ ಎಂಜಿನ್‌ನಲ್ಲಿ ಒತ್ತಕ್ಷರ ಒಡೆದು ಅಜ್ಜ 'ಅಜ್‌ಜ' ಆಗಿ ಕೂತಿದ್ದಾಗ, 2023ರಲ್ಲಿ ಬಂದ ಗೊಡಾಟ್ 4 ಎಂಜಿನ್ನಿನೊಳಗೇ ಅಕ್ಷರ ಕೂಡಿಸುವ ಹಾರ್ಫ್‌ಬಝ್ ಇದೆ, ಕನ್ನಡ ಸರಿಯಾಗಿ ಕೂಡಿಕೊಳ್ಳುತ್ತೆ, ಅದಕ್ಕೆ ಬದಲಾಯಿಸು ಅಂತ ಹಠ ಹಿಡಿದ ಧಾರವಾಡದ ಗೆಳೆಯನಿಗೂ, ಕತ್ತಲ ಕೋಣೆಯ ಬೀಗದಕೈ ಯಾರ ಕಣ್ಣಿಗೂ ಬೀಳಲ್ಲ, ಸ್ಪೇಸ್‌ಬಾರ್ ಒತ್ತಿದರೆ ಕ್ಲಿಕ್ ಮಾಡುವ ಜಾಗಗಳೆಲ್ಲ ಹೊಳೆಯಲಿ ಅಂದ ಆಫೀಸಿನ ಗೆಳತಿಗೂ, ಆಡಿದ್ದನ್ನೆಲ್ಲ ರೆಕಾರ್ಡ್ ಮಾಡಿ ಟೊರೊಂಟೊದಿಂದ ಕಳಿಸಿದ ಹಳೇ ರೂಮ್‌ಮೇಟ್‌ಗೂ ದೊಡ್ಡ ಥ್ಯಾಂಕ್ಸ್.

ಇನ್ನು ಅತ್ತಿಗೆ. ಹೆಸರು ಹಾಕಬೇಡ, ಸ್ಕೂಲಲ್ಲಿ ಮಕ್ಕಳು ತಮಾಷೆ ಮಾಡ್ತಾರೆ ಅಂದಿದ್ದಾರೆ, ಹಾಕಲ್ಲ. ಈ ಗೇಮ್‌ಗಿಂತ ಮೊದಲು ಅವರು ಆಡಿದ್ದು ಅಂದರೆ ಚೌಕಾಬಾರ. ನಮ್ಮಂಥವರು ಇಂಥ ಗೇಮ್ ಆಡಿ ಆಡಿ ಕೆಟ್ಟಿದ್ದೇವೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ಜೇಬಿಗೆ ತುಂಬಿಕೊಳ್ಳುತ್ತೇವೆ, ಯಾಕೆ ಅಂತ ಕೇಳಲ್ಲ. ಅತ್ತಿಗೆ ಕೇಳಿದರು. ಮೊದಲ ದೃಶ್ಯದಲ್ಲೇ ಅಟ್ಟದ ಮೇಲೆ ಪಾತಾಳಗರಡಿ ಸಿಗುವಂತೆ ಮಾಡಿದ್ದೆ. (ಪೇಟೆಯವರಿಗೆ: ಬಾವಿಗೆ ಬಿದ್ದ ಕೊಡ ಎತ್ತುವ ಕಬ್ಬಿಣದ ಕೊಕ್ಕೆಗಳ ಗೊಂಚಲು, ಹಗ್ಗ ಕಟ್ಟಿ ಇಳಿಸಬೇಕು.) ಬಾವಿ ಬರುವುದು ಅದಾಗಿ ಎಷ್ಟೋ ಹೊತ್ತಿಗೆ. ಅತ್ತಿಗೆ ಮೌಸ್ ಬಿಟ್ಟು ನನ್ನ ಕಡೆ ತಿರುಗಿದರು. "ಇವನು ಇದನ್ನ ಯಾಕೋ ತಗೊಂಡ? ಇನ್ನೂ ಏನೂ ಬಿದ್ದೇ ಇಲ್ವಲ್ಲ. ಮೊದ್ಲು ಕೊಡ ಬೀಳ್ಲಿ. ಆಮೇಲೆ ನಾನೇ ಅಟ್ಟ ಹತ್ತುತೀನಿ."

ಮಂಕಿ ಐಲೆಂಡ್ ಅನ್ನುವ ಹೆಸರಾಂತ ಅಡ್ವೆಂಚರ್ ಗೇಮ್ ಮಾಡಿದ ರಾನ್ ಗಿಲ್ಬರ್ಟ್ 1989ರಲ್ಲಿ ಇದನ್ನೇ ಬರೆದಿದ್ದರು. ಕಂದಕ ಮೊದಲು ಕಾಣಬೇಕು, ಇಳಿಯುವ ಹಗ್ಗ ಆಮೇಲೆ ಸಿಗಬೇಕು ಅಂತ. ಆ ಲೇಖನ ನಾನು ಓದಿದ್ದೆ, ಓದಿ ಅಂತ ಊರಿಗೆಲ್ಲ ಹಂಚಿಯೂ ಇದ್ದೆ. ಅತ್ತಿಗೆ ಓದಿರಲಿಲ್ಲ. ಮಲೆನಾಡಿನ ಮನೆಯಲ್ಲಿ ಬಾವಿ ನೀರು ಸೇದಿದ್ದರು, ಅಷ್ಟೆ.

ಆದರೆ ಅವರಿಗೆ ಇಷ್ಟು ದೊಡ್ಡ ಪ್ಯಾರಾ ಕೊಡುತ್ತಿರುವುದು ಕೊಡ ಎತ್ತಿದ್ದಕ್ಕಲ್ಲ.

ಬಾವಿಕಟ್ಟೆ ಹತ್ತಿರ ಒಬ್ಬ ಅಜ್ಜ ಕೂತಿರುತ್ತಾನೆ. ಆ ದನಿ ಅಪ್ಪನದು. ಚೆನ್ನಾಗಿದ್ದಾಗ ಅಡುಗೆಮನೆಯಲ್ಲಿ ಕೂರಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿದ್ದೆ, ಹಿಂದೆ ಕುಕ್ಕರ್ ಕೂಗುವುದೂ ಸಣ್ಣಗೆ ಕೇಳುತ್ತೆ. "ಹುಷಾರು ಮಾರಾಯ, ಬಾವಿ ಆಳ ಇದೆ." ಬಾವಿಯ ಸುತ್ತ ಎಲ್ಲಿ ಕ್ಲಿಕ್ ಮಾಡಿದರೂ ಇದೇ ಮಾತು. ವಿಷಯ ಗೊತ್ತಿದ್ದ ಗೆಳೆಯರೆಲ್ಲ ಅಜ್ಜ ಸೂಪರ್ ಅಂತ ಬರೆದರು. ಪರಿಚಯವೇ ಇಲ್ಲದ ಒಬ್ಬ ಟೆಸ್ಟರ್ ಮಾತ್ರ, ಈ ಅಜ್ಜ ತಲೆ ತಿಂತಾನೆ, ದನಿ ಬಂದ್ ಮಾಡಿಕೊಂಡು ಆಡಿದೆ ಅಂತ ಬರೆದರು.

ಆ ರಾತ್ರಿ ಇಡೀ ಫೋಲ್ಡರ್ ಡಿಲೀಟ್ ಮಾಡಿಬಿಡುತ್ತಿದ್ದೆ. ಉತ್ಪ್ರೇಕ್ಷೆ ಅಲ್ಲ, ಬೆರಳು ಅಲ್ಲೇ ಇತ್ತು. ಸಾಗರಕ್ಕೆ ಫೋನ್ ಮಾಡಿದೆ, ಅಣ್ಣ ಎತ್ತಲಿಲ್ಲ, ಅತ್ತಿಗೆ ಎತ್ತಿದರು. ನಾನು ಏನೇನೋ ಬೈದೆ, ಆ ಟೆಸ್ಟರ್‌ನ, ಗೇಮ್‌ನ, ಆಸ್ಪತ್ರೆಯ ಆ ವಾರವನ್ನ. ಅವರು ಸಮಾಧಾನ ಹೇಳಲಿಲ್ಲ. ಲ್ಯಾಪ್‌ಟಾಪ್ ತೆರೆಯುವ ಸದ್ದು ಕೇಳಿತು. ಆಮೇಲೆ ಫೋನಿನ ಆ ಕಡೆಯಿಂದ ಅಪ್ಪ ಮಾತಾಡಿದರು. ಹುಷಾರು ಮಾರಾಯ. ಮತ್ತೆ. ಮತ್ತೆ. ಅತ್ತಿಗೆ ಕ್ಲಿಕ್ ಮಾಡುತ್ತಲೇ ಇದ್ದರು, ನಾನು ಕೇಳುತ್ತಲೇ ಇದ್ದೆ, ನಿಲ್ಲಿಸಿ ಅನ್ನಲು ಬಾಯಿ ಬರಲಿಲ್ಲ. ಇಬ್ಬರೂ ಅತ್ತಿದ್ದು ಆಗ.

ಸ್ವಲ್ಪ ಹೊತ್ತಾದ ಮೇಲೆ ಹೇಳಿದರು: "ನೋಡು, ನಮಗೆ ಇವರು ಮಾವ. ಆಡೋರಿಗೆ ಯಾವುದೋ ಅಜ್ಜ. ಮುಟ್ಟಿದ್ದಕ್ಕೆಲ್ಲ ಅದನ್ನೇ ಹೇಳಿದ್ರೆ ಅವರಿಗೆ ಈ ಅಜ್ಜನ ಮೇಲೆ ಸಿಟ್ಟು ಬರುತ್ತೆ. ಮಾವನ ಮೇಲೆ ಯಾರಾದ್ರೂ ಸಿಟ್ಟಾಗೋದು ನಿಂಗೆ ಬೇಕಾ?"

ಬೇಡ. ಬೆಳಗಿನ ತನಕ ಫೋನಿನಲ್ಲೇ ಇದ್ದರು. ಹಳೇ ರೆಕಾರ್ಡಿಂಗ್‌ಗಳನ್ನೆಲ್ಲ ಕಳಿಸು ಅಂದರು, ಒಂದೊಂದನ್ನೇ ಕೇಳಿದರು. ಒಂದರ ಕೊನೆಯಲ್ಲಿ, ಮೈಕ್ ಇನ್ನೂ ಆನ್ ಇರುವುದು ಗೊತ್ತಿಲ್ಲದೆ, ಅಪ್ಪ ನನ್ನನ್ನು "ಆಯ್ತಾ?" ಅಂತ ಕೇಳಿದ್ದಾರೆ, ಎದ್ದು ಹೋಗುವ ಅವಸರದಲ್ಲಿ. ಈಗ ಗೇಮ್‌ನಲ್ಲಿ ಅಜ್ಜ ಒಂದೇ ಸಲ ಎಚ್ಚರಿಸುತ್ತಾನೆ. ಆಮೇಲೆ ಸುಮ್ಮನಿರುತ್ತಾನೆ. ಕೊಡ ಮೇಲೆ ಬಂದಾಗ ಮಾತ್ರ "ಆಯ್ತಾ?" ಅಂತಾನೆ. ಅಲ್ಲಿ ನಗು ಬಂತು ಅಂತ ಸುಮಾರು ಜನ ಬರೆದಿದ್ದೀರಿ. ಅತ್ತಿಗೆ ಅವತ್ತು ನಿದ್ದೆ ಇಲ್ಲದೆ ಪರೀಕ್ಷೆ ಡ್ಯೂಟಿಗೆ ಹೋದರು.

ಆ ಟೆಸ್ಟರ್‌ಗೂ ಥ್ಯಾಂಕ್ಸ್. ವಿಷಯ ಗೊತ್ತಿದ್ದಿದ್ದರೆ ನೀವೂ ಸೂಪರ್ ಅಂತಲೇ ಬರೆಯುತ್ತಿದ್ದಿರಿ, ಗೊತ್ತಿಲ್ಲದ್ದು ಒಳ್ಳೆಯದೇ ಆಯಿತು.

ಇನ್ನು ಮುಂದೆ ಕಂಪ್ಲೇಂಟ್ ಕಳಿಸುವವರು "ಬೋರಾಯ್ತು" ಅಂತ ಮಾತ್ರ ಬರೆಯಬೇಡಿ. ಎಲ್ಲಿ ಸಿಕ್ಕಿಕೊಂಡಿರಿ, ಆಗ ಕೈಯಲ್ಲಿ ಯಾವ ಸಾಮಾನಿತ್ತು, ಏನು ಮಾಡಿದರೆ ಆಗಬಹುದು ಅಂದುಕೊಂಡಿರಿ, ಅದನ್ನು ಬರೆಯಿರಿ. ಪರಿಹಾರ ಹೇಳದಿದ್ದರೂ ಪರವಾಗಿಲ್ಲ, ಅದು ನನ್ನ ಕೆಲಸ. ಅಡುಗೆಮನೆಯ ಬೆಕ್ಕಿನ ಬಗ್ಗೆ ಮಾತ್ರ ಬರೆಯಬೇಡಿ. ಅದು ಯಾವ ಪಜಲ್‌ಗೂ ಬೇಕಾಗಲ್ಲ, ಜನ ಸುಮ್ನೆ ಎಲ್ಲ ಸಾಮಾನನ್ನೂ ಅದರ ಮೇಲೆ ಪ್ರಯೋಗ ಮಾಡಿ ಹೊತ್ತು ಕಳೀತಾರೆ, ತೆಗೆದುಹಾಕು ಅಂತ ಅತ್ತಿಗೆ ಈಗಲೂ ವಾರಕ್ಕೊಮ್ಮೆ ಹೇಳುತ್ತಾರೆ. ಅತ್ತಿಗೆ, ನೀವು ಹೇಳಿದ್ದೆಲ್ಲ ಕೇಳಿದ್ದೇನೆ. ಬೆಕ್ಕನ್ನು ಮಾತ್ರ ತೆಗೆಯಲ್ಲ.