ಆರೋಗ್ಯ ಕಾರ್ಯಕರ್ತೆಯವರಿಗೆ ಮನೆ ಭೇಟಿಯ ಸಮಯವನ್ನು ಉಳಿಸಿಕೊಡುವಂತೆ ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಸ್ಥಳೀಯ ಆಡಳಿತ ಮಂಡಳಿ

ಇವರಿಂದ,
ಹಳ್ಳದಾಚೆಯ ಹಳ್ಳಿಗಳ ನಿವಾಸಿಗಳು

ವಿಷಯ: ಸಮುದಾಯ ಆರೋಗ್ಯ ಕಾರ್ಯಕರ್ತೆಯವರನ್ನು ಅನ್ಯ ಕೆಲಸಗಳಿಂದ ಬಿಡುಗಡೆ ಮಾಡುವುದು, ಕಾಲುಸೇತುವೆ ನಿರ್ಮಿಸುವುದು ಹಾಗೂ ಅವರ ಸಂಭಾವನೆಯನ್ನು ಕ್ರಮಬದ್ಧಗೊಳಿಸುವ ಕುರಿತು.

ಮಾನ್ಯರೇ,

ರಸ್ತೆ ಮುಗಿದ ಮೇಲೆ ಕಾಲುದಾರಿಯಲ್ಲಿ ಮಾತ್ರ ತಲುಪಬಹುದಾದ ನಮ್ಮ ಹಳ್ಳಿಗಳಿಗೆಲ್ಲ ಸೇರಿ ಒಬ್ಬರೇ ಆರೋಗ್ಯ ಕಾರ್ಯಕರ್ತೆ ಇದ್ದಾರೆ. ಅವರ ದಿನ ಹೇಗೆ ಕಳೆಯುತ್ತದೆ ಎಂಬುದನ್ನು ಪ್ರತಿನಿತ್ಯ ಕಣ್ಣಾರೆ ಕಾಣುತ್ತಿರುವ ನಾವು, ಆ ದಿನದಲ್ಲಿ ರೋಗಿಗಳ ಪಾಲಿಗೆ ಉಳಿಯುತ್ತಿರುವ ಸಮಯ ತೀರಾ ಕಡಿಮೆಯಾಗುತ್ತಿದೆ ಎಂಬುದನ್ನು ತಮ್ಮ ಗಮನಕ್ಕೆ ತರಲು ಈ ಮನವಿಯನ್ನು ಸಲ್ಲಿಸುತ್ತಿದ್ದೇವೆ. ಈ ಪತ್ರ ಬರೆಯಿರೆಂದು ಅವರು ನಮ್ಮನ್ನು ಕೇಳಿಲ್ಲ.

ಬೆಳಕು ಹರಿಯುವ ಮೊದಲೇ ಅವರು ಚೀಲ ಹೆಗಲಿಗೇರಿಸಿ ಹೊರಡುತ್ತಾರೆ. ಕೂಸುಗಳನ್ನು ತೂಗುವ ತಕ್ಕಡಿ, ಥರ್ಮಾಮೀಟರ್, ಮಕ್ಕಳ ತೋಳಿನ ಸುತ್ತಳತೆ ನೋಡುವ ಬಣ್ಣದ ಪಟ್ಟಿ, ಓಆರ್‌ಎಸ್ ಪೊಟ್ಟಣ, ಝಿಂಕ್ ಮತ್ತು ಕಬ್ಬಿಣಾಂಶದ ಮಾತ್ರೆಗಳು ಅದರಲ್ಲಿರುತ್ತವೆ. ಇವೆಲ್ಲಕ್ಕಿಂತ ಹೆಚ್ಚು ಭಾರ ರಿಜಿಸ್ಟರ್‌ಗಳದ್ದು. ಲಸಿಕೆಯ ದಿನ ಶುಶ್ರೂಷಕಿಯವರ ಜೊತೆ ಲಸಿಕೆಯ ಪೆಟ್ಟಿಗೆಗೂ ಅವರೇ ಕೈ ಕೊಡುತ್ತಾರೆ. ಬಹುತೇಕ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಯೇ ಇಡಬೇಕಾಗಿರುವುದರಿಂದ, ಪೆಟ್ಟಿಗೆಯೊಳಗಿನ ಮಂಜುಗಡ್ಡೆ ಕರಗುವುದರೊಳಗೆ ಕೊನೆಯ ಮನೆಯ ಮಗುವನ್ನೂ ತಲುಪಬೇಕೆಂಬ ಆತುರ ಆ ದಿನವಿಡೀ ಅವರನ್ನು ಓಡಿಸುತ್ತದೆ.

ಅವರ ಕೆಲಸದ ಬಹುಭಾಗ ಅವಸರದಿಂದ ಮಾಡಿದರೆ ಕೆಡುವಂಥದ್ದು ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ಕೆಮ್ಮು ಬಂದ ಮಗುವಿಗೆ ನ್ಯುಮೋನಿಯಾ ಇರಬಹುದೇ ಎಂದು ತಿಳಿಯಲು ಅವರು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಅದರ ಉಸಿರನ್ನು ಎಣಿಸುತ್ತಾರೆ. 2 ತಿಂಗಳು ತುಂಬಿ ಒಂದು ವರ್ಷ ಮುಗಿಯದ ಕೂಸಿಗೆ ನಿಮಿಷಕ್ಕೆ 50 ಅಥವಾ ಅದಕ್ಕೂ ಹೆಚ್ಚು, ಒಂದರಿಂದ ಐದು ವರ್ಷದೊಳಗಿನ ಮಗುವಿಗೆ 40 ಅಥವಾ ಅದಕ್ಕೂ ಹೆಚ್ಚು ಉಸಿರು ಕಂಡುಬಂದರೆ ಅದು ಅಪಾಯದ ಸೂಚನೆ. ಮಗು ಅಳುತ್ತಿದ್ದರೆ ಎಣಿಕೆ ತಪ್ಪುತ್ತದೆ. ಅಳು ನಿಲ್ಲುವವರೆಗೆ ಕಾದು ಕೂರದೆ ಬೇರೆ ದಾರಿಯಿಲ್ಲ. ಭೇದಿಯಾದ ಮಗುವಿಗೆ ಝಿಂಕ್ ಮಾತ್ರೆಯನ್ನು 10ರಿಂದ 14 ದಿನ ಕೊಡಬೇಕಾಗಿದ್ದರೂ, ಭೇದಿ ನಿಂತ ಕೂಡಲೇ ಮಾತ್ರೆಯನ್ನೂ ನಿಲ್ಲಿಸಿಬಿಡುವವರು ನಾವೇ. ಅದನ್ನು ಬಲ್ಲ ಅವರು ನಾಲ್ಕು ದಿನ ಬಿಟ್ಟು ಮತ್ತೆ ಬಂದು ಮಾತ್ರೆ ಎಣಿಸಿ ನೋಡುತ್ತಾರೆ. ಕ್ಷಯರೋಗದ ಔಷಧವನ್ನು ಸಾಮಾನ್ಯವಾಗಿ ಆರು ತಿಂಗಳು ಬಿಡದೆ ನುಂಗಬೇಕಾದ ರೋಗಿ ಎರಡನೆಯ ತಿಂಗಳಲ್ಲಿ ಚೇತರಿಸಿಕೊಂಡು ಔಷಧ ಸಾಕೆಂದಾಗ, ಅವನ ಪಕ್ಕದಲ್ಲಿ ಕುಳಿತು ಮನವೊಲಿಸುವವರೂ ಅವರೇ. ಆ ಮಾತುಕತೆಗೆ ಹಿಡಿಯುವ ಹೊತ್ತನ್ನು ಬರೆದಿಡಲು ಯಾವ ರಿಜಿಸ್ಟರ್‌ನಲ್ಲಿಯೂ ಅಂಕಣವಿಲ್ಲ.

ಕಳೆದ ಮಳೆಗಾಲದಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕಾಗಿದೆ. ಹುಟ್ಟಿದ ಮೂರನೆಯ ದಿನದ ಹಸುಗೂಸನ್ನು ನೋಡಲು ಬೆಳಗ್ಗೆ ಹೊರಟ ಅವರು, ಹಳ್ಳ ತುಂಬಿ ಹರಿಯುತ್ತಿದ್ದುದರಿಂದ ಮಧ್ಯಾಹ್ನದವರೆಗೆ ದಡದಲ್ಲಿಯೇ ಕಾದು, ಕೊನೆಗೆ ಗುಡ್ಡ ಬಳಸಿಕೊಂಡು ಬಂದು ಮನೆ ತಲುಪುವಷ್ಟರಲ್ಲಿ ಸಂಜೆಯಾಗಿತ್ತು. ಕೂಸಿನ ಮೈ ತಣ್ಣಗಾಗಿ, ಹಾಲು ಕುಡಿಯುವುದು ನಿಂತಿತ್ತು. ಅವರು ಒಡನೆಯೇ ಅದನ್ನು ಬಾಣಂತಿಯ ಎದೆಗೆ ಮೈಗೆ ಮೈ ತಾಗುವಂತೆ ಒರಗಿಸಿ, ಮೇಲೆ ಹೊದಿಸಿ, ನಮ್ಮವರು ನಾಲ್ವರನ್ನು ಕರೆದುಕೊಂಡು ರಾತ್ರಿಯೇ ತಾಯಿ ಮಗುವನ್ನು ಚಿಕಿತ್ಸೆಗೆ ಸಾಗಿಸಿದರು. ಕೂಸು ಬದುಕಿತು. ಅದೇ ವಾರ ಆರೋಗ್ಯಕ್ಕೆ ಸಂಬಂಧವೇ ಇಲ್ಲದ ಮನೆಗಣತಿಯೊಂದನ್ನು ಮುಗಿಸಿಕೊಡುವ ಹೊಣೆಯೂ ಅವರ ಮೇಲಿತ್ತು. ಆಸ್ಪತ್ರೆಯಿಂದ ಹಿಂತಿರುಗಿದ ದಿನವೇ ಅವರು ಟಾರ್ಚ್ ಬೆಳಕಿನಲ್ಲಿ ಆ ನಮೂನೆಗಳನ್ನು ತುಂಬುತ್ತಿದ್ದುದನ್ನು ನಾವು ನೋಡಿದ್ದೇವೆ. ಅಂದು ಕಾಲುಸೇತುವೆ ಇದ್ದಿದ್ದರೆ ಆ ಕೂಸಿಗೆ ಅರ್ಧ ದಿನದ ಮೊದಲೇ ಆರೈಕೆ ಸಿಗುತ್ತಿತ್ತು.

ಆದ್ದರಿಂದ, ಗಣತಿ, ಸಮೀಕ್ಷೆ, ಸಭೆಗಳಿಗೆ ಜನ ಸೇರಿಸುವುದು ಮುಂತಾದ ಅನ್ಯ ಕೆಲಸಗಳನ್ನು ಅವರಿಗೆ ಇನ್ನು ಮುಂದೆ ವಹಿಸಬಾರದೆಂದು ಮೊಟ್ಟಮೊದಲಾಗಿ ಕೋರುತ್ತೇವೆ. ನಮ್ಮ ದೃಷ್ಟಿಯಲ್ಲಿ ಇದು ಹಣ ಬೇಡದ, ಒಂದು ಆದೇಶದಿಂದಲೇ ಆಗಬಹುದಾದ ಕೆಲಸ. ಒಂದೇ ಗರ್ಭಿಣಿಯ ವಿವರವನ್ನು ಬೇರೆ ಬೇರೆ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರೆಯುವ ಪದ್ಧತಿಯನ್ನು ಕೈಬಿಟ್ಟು, ಮನೆಗೊಂದು ಪುಟದಂತೆ ಒಂದೇ ರಿಜಿಸ್ಟರ್ ಇಡಲು ಆರೋಗ್ಯ ಅಧಿಕಾರಿಗಳೊಡನೆ ತಾವು ಮಾತನಾಡಬೇಕು. ಹಳ್ಳಕ್ಕೆ ಕಾಲುಸೇತುವೆಯನ್ನು ಮುಂದಿನ ಮಳೆಗಾಲಕ್ಕೆ ಮುನ್ನ ಕಟ್ಟಿಸಿಕೊಡಬೇಕು. ಕಲ್ಲು ಮಣ್ಣು ಹೊರುವ ಕೆಲಸಕ್ಕೆ ಪ್ರತಿ ಮನೆಯಿಂದ ಒಬ್ಬರು ಬರಲು ಸಿದ್ಧರಿದ್ದೇವೆ.

ಸಂಭಾವನೆಯ ವಿಷಯವನ್ನು ನಾವು ಎತ್ತುವುದು ಅಧಿಕಪ್ರಸಂಗವೆಂದು ತಾವು ಭಾವಿಸಬಾರದು. ಪ್ರಾಥಮಿಕ ಆರೋಗ್ಯ ಸೇವೆಯ ಕುರಿತ ಅಂತರರಾಷ್ಟ್ರೀಯ ಸಮ್ಮೇಳನವು ಹೊರಡಿಸಿದ 1978ರ ಆಲ್ಮಾ ಆಟಾ ಘೋಷಣೆಯು ವೈದ್ಯರು, ಶುಶ್ರೂಷಕಿಯರು, ಸೂಲಗಿತ್ತಿಯರ ಸಾಲಿನಲ್ಲಿಯೇ ಸಮುದಾಯ ಕಾರ್ಯಕರ್ತರನ್ನೂ ಹೆಸರಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಇಂಥವರಿಗೆ ಕೆಲಸದ ಹೊರೆಗೆ ತಕ್ಕ ಸಂಬಳ ಮತ್ತು ಲಿಖಿತ ಒಪ್ಪಂದ ಇರಬೇಕೆಂದೂ, ಮಾಡಿದ ಕೆಲಸದ ಲೆಕ್ಕದ ಪ್ರೋತ್ಸಾಹಧನವನ್ನೇ ಪೂರ್ತಿಯಾಗಿ ಅಥವಾ ಬಹುಪಾಲು ನೆಚ್ಚಿಕೊಳ್ಳುವಂತಾಗಬಾರದೆಂದೂ ಶಿಫಾರಸು ಮಾಡಿದೆ. ಎಣಿಸಬಹುದಾದ ಕೆಲಸಕ್ಕೆ ಮಾತ್ರ ಹಣ ಸಿಗುವುದಾದರೆ, ಕ್ಷಯರೋಗಿಯ ಪಕ್ಕದಲ್ಲಿ ಕಳೆದ ಆ ಹೊತ್ತಿಗೆ ಬೆಲೆ ಕಟ್ಟುವವರು ಯಾರು? ಪ್ರತಿ ತಿಂಗಳು ಗೊತ್ತಾದ ದಿನಾಂಕದಂದು ನಿಶ್ಚಿತ ಮೊತ್ತ ಅವರ ಕೈಸೇರುವಂತೆ ಸಂಬಂಧಪಟ್ಟವರಿಗೆ ತಮ್ಮ ಮಂಡಳಿಯಿಂದ ಶಿಫಾರಸು ಹೋಗಬೇಕೆಂಬುದು ನಮ್ಮ ಕೋರಿಕೆ. ರಾತ್ರಿಯ ಕರೆಗಳಿಗೆ ಅವರು ಒಂಟಿಯಾಗಿ ನಡೆಯದಂತೆ ಜೊತೆಗೊಬ್ಬರನ್ನು ಕಳಿಸುವ ಹೊಣೆಯನ್ನು ನಾವೇ ಹೊತ್ತುಕೊಳ್ಳುತ್ತೇವೆ.

ಈ ಮನವಿಯನ್ನು ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಿ, ಕೈಗೊಂಡ ತೀರ್ಮಾನವನ್ನು ನಮಗೆ ಲಿಖಿತವಾಗಿ ತಿಳಿಸಬೇಕೆಂದೂ, ಸಭೆಗೆ ಮೊದಲು ಸದಸ್ಯರೊಬ್ಬರು ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಅವರೊಡನೆ ನಮ್ಮ ಮನೆಗಳಿಗೆ ನಡೆದು ಬರಬೇಕೆಂದೂ ವಿನಂತಿಸುತ್ತೇವೆ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿಗಳು,
ಹಳ್ಳದಾಚೆಯ ಹಳ್ಳಿಗಳ ನಿವಾಸಿಗಳು
(ಸಹಿಗಳನ್ನು ಲಗತ್ತಿಸಿದೆ)