ತೂಕ ಇಳಿಸಲು ಜೊತೆಗಾರರ ಗುಂಪು

ಮಾನ್ಯರೇ,

ತೂಕದ ಮಾತು ಬಂದಾಗಲೆಲ್ಲ ಏನು ತಿನ್ನಬೇಕು, ಏನು ಬಿಡಬೇಕು ಎಂಬುದೇ ಚರ್ಚೆ. ಇಳಿದದ್ದು ಮತ್ತೆ ಏರದಂತೆ ನೋಡಿಕೊಳ್ಳುವುದು ಅದಕ್ಕಿಂತ ಕಷ್ಟ. ಅಲ್ಲಿ ಒದಗಿಬರುವುದು ಅದೇ ಪಾಡಿನಲ್ಲಿರುವವರ ಸಣ್ಣ ಗುಂಪು.

ಎಂಟರಿಂದ ಹನ್ನೆರಡು ಜನ ಸಾಕು. ಹೆಚ್ಚಾದರೆ ನಾಲ್ವರು ಮಾತನಾಡುತ್ತಾರೆ, ಉಳಿದವರು ಪ್ರೇಕ್ಷಕರಾಗುತ್ತಾರೆ. ವಾರಕ್ಕೊಮ್ಮೆ, ಗೊತ್ತಾದ ದಿನ, ಒಂದು ಗಂಟೆ. ತೂಕ ನೋಡುವುದು ಮರೆಯಲ್ಲಿ, ಒಬ್ಬೊಬ್ಬರಾಗಿ. ಅಂಕಿಯನ್ನು ಎಲ್ಲರೆದುರು ಓದಿದರೆ ತೂಕ ಏರಿದವರು ಮುಂದಿನ ವಾರ ಬರುವುದಿಲ್ಲ. ಬರಲೇಬೇಕಾದವರು ಅವರೇ! ದೇಹದ ನೀರಿನಂಶದಿಂದಲೇ ತೂಕ 1–2 ಕೆ.ಜಿ. ಏರುಪೇರಾಗುವುದುಂಟು, ಹಾಗಾಗಿ ಒಂದು ವಾರದ ಅಂಕಿಗಿಂತ ನಾಲ್ಕು ವಾರಗಳ ಸರಾಸರಿ ನಂಬಬೇಕು.

ಯಾರಾದರೂ ‘ರಾತ್ರಿ ಊಟದ ಮೇಲೂ ಏನಾದರೂ ತಿನ್ನುತ್ತೇನೆ’ ಎಂದರೆ ಉಪದೇಶ ಬೇಡ. ಅದೇ ತೊಡಕು ದಾಟಿದವರು ತಾವೇನು ಮಾಡಿದೆವೆಂದು ಹೇಳಲಿ. ಸಭೆ ಮುಗಿಸಿ ಏಳುವ ಮುನ್ನ ಪ್ರತಿಯೊಬ್ಬರೂ ಒಂದೇ ಒಂದು ಕೆಲಸ ಒಪ್ಪಿಕೊಳ್ಳಲಿ: ‘ಹೆಚ್ಚು ನಡೆಯುತ್ತೇನೆ’ ಅಲ್ಲ, ‘ಐದು ದಿನ, 30 ನಿಮಿಷ’. ಮುಂದಿನ ವಾರ ಮೊದಲು ಕೇಳುವುದು ಅದನ್ನೇ.

ಗುಂಪು ಕೆಡುವುದು ಪೈಪೋಟಿಯಿಂದ. ‘ಯಾರು ಹೆಚ್ಚು ಇಳಿಸಿದರು’ ಎಂದು ಬಹುಮಾನ ಇಟ್ಟರೆ ಹಿಂದಿನ ದಿನ ಊಟ, ನೀರು ಬಿಟ್ಟು ಬರುತ್ತಾರೆ. ಅಷ್ಟು ಹಟ ಬೇಕಿಲ್ಲ: ಆರಂಭದ ತೂಕದ ಶೇ 5ರಿಂದ 10 ಇಳಿದರೂ ರಕ್ತದೊತ್ತಡ, ರಕ್ತದ ಸಕ್ಕರೆ ಸುಧಾರಿಸುತ್ತವೆ. ಪುಡಿ, ಮಾತ್ರೆ ಮಾರುವವರನ್ನು ಬಾಗಿಲಲ್ಲೇ ತಡೆಯಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಪ್ರಮಾಣ ಬದಲಿಸುವ ಮೊದಲು ವೈದ್ಯರನ್ನು ಕಾಣಬೇಕು. ಇಲ್ಲವಾದರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು.

ಆರು ತಿಂಗಳ ನಂತರ ಸಭೆಗಳನ್ನು ತಿಂಗಳಿಗೊಂದಕ್ಕೆ ಇಳಿಸಬಹುದು, ನಿಲ್ಲಿಸಬಾರದು.