ನೋಟು ಸಂದಿಯೊಳಗೆ, ಬಿಲ್ಲೆ ಕೈಯೊಳಗೆ

ಸಂಪಾದಕರೇ,

ಜೂಜಾಡೋ ಕ್ಯಾಸಿನೊಗಳಲ್ಲಿ ನೋಟಿನ ಬದಲು ಚಿಪ್ಸ್ ಅನ್ನೋ ಬಣ್ಣದ ಬಿಲ್ಲೆ ಯಾಕೆ ಅಂತ ನಿಮ್ಮ ಪತ್ರಿಕೇಲಿ ಬಂದಿದ್ದು ಓದಿದೆ. ಎಣಿಸೋಕೆ ಸುಲಭ, ಕದಿಯೋಕೆ ಕಷ್ಟ ಅಂತ ಮುಗಿಸಿಬಿಟ್ಟಿದ್ದೀರ. ಸುಳ್ಳಲ್ಲ, ಆದ್ರೆ ಅರ್ಧ ಕಥೆ.

ಎಣಿಸೋದು ಒಪ್ಕೋತೀನಿ. ಅಮೆರಿಕದಲ್ಲಿ ಸಾಮಾನ್ಯವಾಗಿ ಕೆಂಪು ಬಿಲ್ಲೆ 5 ಡಾಲರ್, ಹಸಿರು 25, ಕಪ್ಪು 100, ಪೇರಿಸಿಟ್ರೆ ಆಟ ನಡೆಸೋ ಡೀಲರ್‌ಗೂ ಗೊತ್ತಾಗತ್ತೆ ಮೇಲಿರೋ ಕ್ಯಾಮೆರಾಗೂ ಗೊತ್ತಾಗತ್ತೆ. ಚಕ್ರದ ಮೇಲೆ ಗೋಲಿ ಉರುಳಿಸೋ ಆಟ ರೂಲೆಟ್‌ನಲ್ಲಂತೂ ಒಬ್ಬೊಬ್ರಿಗೆ ಒಂದೊಂದು ಬಣ್ಣ, ಯಾರ ಪಣ ಯಾವ್ದು ಅಂತ ಜಗಳ ಆಗಬಾರ್ದಲ್ಲ.

ಕಳ್ಳತನದ್ದೂ ನಿಜಾನೇ. 2010ರ ಡಿಸೆಂಬರಲ್ಲಿ ಲಾಸ್ ವೇಗಸ್‌ನ ಬೆಲ್ಲಾಜಿಯೊ ಕ್ಯಾಸಿನೊಗೆ ಹೆಲ್ಮೆಟ್ ಹಾಕ್ಕೊಂಡೇ ನುಗ್ಗಿದವನೊಬ್ಬ ಗನ್ ತೋರಿಸಿ ಸುಮಾರು 15 ಲಕ್ಷ ಡಾಲರ್ ಬೆಲೆಯ ಚಿಪ್ಸ್ ಬಾಚ್ಕೊಂಡು ಬೈಕಲ್ಲಿ ಪರಾರಿಯಾದ. ಕ್ಯಾಸಿನೊದವ್ರು ಏನ್ ಮಾಡಿದ್ರು ಗೊತ್ತಾ, 25,000 ಡಾಲರ್‌ನ ಬಿಲ್ಲೆಗಳನ್ನೆಲ್ಲಾ ರದ್ದು ಮಾಡ್ತೀವಿ, 2011ರ ಏಪ್ರಿಲ್ ಒಳಗೆ ತಂದು ಬದಲಾಯಿಸ್ಕೊಳ್ಳಿ ಅಂದ್ಬಿಟ್ರು. ಅವನು ಅದಕ್ಕೂ ಮುಂಚೆ ಮಾರೋಕೆ ಹೋಗಿ ಪೊಲೀಸರ ಕೈಗೇ ಸಿಕ್ಕಿಬಿದ್ದ. ಓದಿ ನಗು ಬಂತು, ಆಮೇಲೆ ಯೋಚ್ನೆ ಮಾಡಿದ್ರೆ, ನಾವು ಕೊಡೋ ನೋಟು ಊರೆಲ್ಲಾ ನಡಿಯೋ ದುಡ್ಡು, ಅವರು ಕೊಡೋ ಬಿಲ್ಲೆ ಅವರ ಮನೇಲಿ ಮಾತ್ರ ನಡಿಯೋ ಚೀಟಿ!

ನೀವು ಬಿಟ್ಟಿರೋದು ಉಳಿದರ್ಧ. ಟೇಬಲ್ ಹತ್ರ ನೋಟು ಕೊಟ್ರೆ ಡೀಲರ್ ಅದನ್ನ ಹರಡಿ ತೋರಿಸಿ, ಸಣ್ಣ ಸಂದಿಯೊಳಗೆ ತಳ್ಳಿಬಿಡ್ತಾರೆ, ಕೆಳಗಿರೋ ಡಬ್ಬಿಗೆ ಬಿತ್ತು, ಆಮೇಲೆ ಆ ದುಡ್ಡು ನಮ್ಮ ಕಣ್ಣಿಗೇ ಬೀಳಲ್ಲ. ಹೊಟ್ಟೆ ಉರಿಯೋದು ಆ ಒಂದು ಸಲ ಅಷ್ಟೇ, ಅಲ್ಲಿಂದಾಚೆ ಕೈಲಿರೋದು ಬಣ್ಣದ ಬಿಲ್ಲೆ, ಟಕಟಕ ಅಂತ ಆಡಿಸ್ಕೊಂಡು ಕೂತ್ಕೋಬಹುದು. ನೂರು ಡಾಲರ್‌ನ ಐದು ನೋಟು ಒಂದೊಂದಾಗಿ ಎಣಿಸಿ ಟೇಬಲ್ ಮೇಲಿಡಿ ಅಂದ್ರೆ ಎಷ್ಟು ಜನಕ್ಕೆ ಕೈ ಬರತ್ತೆ? ಐದು ಕಪ್ಪು ಬಿಲ್ಲೆ ಆದ್ರೆ ಒಂದು ಬೆರಳಲ್ಲಿ ತಳ್ತೀವಿ.

ಗೆದ್ದೋರದ್ದೂ ಅದೇ ಕಥೆ. ಎದ್ದು ಹೊರಡೋವಾಗ ಡೀಲರ್ ಚಿಕ್ಕ ಬಿಲ್ಲೆಗಳನ್ನ ತಗೊಂಡು ದೊಡ್ಡದು ಕೊಡ್ತಾರೆ, ಕಲರ್ ಅಪ್ ಅಂತಾರೆ ಅದಕ್ಕೆ. ಇಪ್ಪತ್ತು ಕೆಂಪು ಹೋಗಿ ಒಂದೇ ಒಂದು ಕಪ್ಪು. ಜೇಬು ಹಗುರ, ಆದ್ರೆ ಟೇಬಲಲ್ಲಿ ದುಡ್ಡು ಕೊಡಲ್ಲ, ಕೇಜ್ ಅಂತ ಇರತ್ತಲ್ಲ ಕ್ಯಾಷಿಯರ್ ಕಿಟಕಿ, ಅಲ್ಲಿಗೇ ಹೋಗ್ಬೇಕು, ದಾರೀಲಿ ಇನ್ನೂ ಹತ್ತು ಟೇಬಲ್ ಕೂಗಿ ಕರೀತಿರತ್ತೆ. ಆ ಒಂದು ಬಿಲ್ಲೆ ಅಲ್ಲೇ ಹೋಗೋದು ಎಷ್ಟೊತ್ತಿನ ಕೆಲಸ ಹೇಳಿ.

ಫೋನ್ ಗೇಮ್‌ಗಳ ಕಾಯಿನ್ನು, ಡೈಮಂಡೂ ದುಡ್ಡು ಕೊಟ್ಟು ತಗೊಳ್ಳೋ ಇದೇ ಜಾತಿ, ಮಕ್ಕಳ ಕೈಲೂ ಇದೆ. ಮುಂದಿನ ಸಲ ಬರೆಯೋವಾಗ ಈ ಸಂದಿ, ಡಬ್ಬಿ, ಕೇಜ್ ಬಗ್ಗೆನೂ ಸ್ವಲ್ಪ ಜಾಗ ಕೊಡಿ.

ಇಂತಿ,
ನಿಮ್ಮ ಹಳೇ ಓದುಗ